ಮೊದಲ ಕೊಯ್ಲಿನ ಜಪಾನಿ ಹಸಿರು ಚಹಾ: ಕಾಯ್ದಿರಿಸಿದ್ದು, ಕಾದದ್ದು, ಸೋಸಿ ಕುಡಿದದ್ದು

ಜಪಾನಿನಲ್ಲಿ ಆಯಾ ವರ್ಷದ ಮೊದಲ ಚಿಗುರಿನಿಂದ ತಯಾರಿಸಿ, ತಾಜಾ ಇರುವಾಗಲೇ ಮಾರುವ ಹಸಿರು ಚಹಾವನ್ನು ಶಿಂಚಾ ಎಂದು ಕರೆಯುತ್ತಾರೆ. ಕೆಲಸದ ನಿಮಿತ್ತ ನಾಗೋಯಾದಲ್ಲಿ ನೆಲೆಸಿರುವ ನಾನು ಈ ಸಲ ಅದನ್ನು ಮಾರ್ಚ್ ತಿಂಗಳಲ್ಲೇ ಕಾಯ್ದಿರಿಸಿ, ಏಪ್ರಿಲ್ ಪೂರ್ತಿ ಕಾದು, ಮೇ ತಿಂಗಳಲ್ಲಿ ಕೈಗೆ ಬಂದ ಪೊಟ್ಟಣಗಳನ್ನು ಜೂನ್‌ನ ಮಳೆ ಹಿಡಿಯುವ ಹೊತ್ತಿಗೆ ಕುಡಿದು ಮುಗಿಸಿದೆ. ಇಲ್ಲಿರುವ ಕನ್ನಡಿಗ ಗೆಳೆಯರಲ್ಲಿ ಕೆಲವರು ಮುಂದಿನ ವರ್ಷ ತಾವೂ ತರಿಸಬೇಕೆಂದು ಕೇಳುತ್ತಿರುವುದರಿಂದ, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಶಿಂಚಾ ಕೊಳ್ಳುವಾಗ ಎಲ್ಲರೂ ಕೇಳುವುದು ಅದನ್ನು ಯಾವ ದಿನ ಕಿತ್ತದ್ದು ಎಂದು. ಆದರೆ ಕೇಳಬೇಕಾದದ್ದು ಎಲೆಗೆ ಎಷ್ಟು ಹೊತ್ತು ಹಬೆ ಕೊಟ್ಟಿದ್ದಾರೆ ಎಂದು. ಯಾವ ಪಾತ್ರೆ ಬೇಕು, ನೀರು ಎಷ್ಟು ಬಿಸಿಯಿರಬೇಕು, ಎಲೆ ಎಷ್ಟು ಸೆಕೆಂಡು ನೆನೆಯಬೇಕು, ಬಟ್ಟಲಿನಲ್ಲಿ ಯಾವ ಬಣ್ಣ ಕಂಡರೆ ಸರಿ ಎಂಬುದೆಲ್ಲ ಆ ಒಂದು ಸಂಗತಿಯ ಮೇಲೆ ನಿಂತಿದೆ.

ದಿನಾಂಕದ ಮೋಹಕ್ಕೂ ಕಾರಣವಿದೆ. ಫೆಬ್ರವರಿಯ ಮೊದಲ ವಾರದಲ್ಲಿ ಬರುವ ರಿಶ್ಶುನ್ ಎಂಬ ವಸಂತಾರಂಭದ ದಿನದಿಂದ ಎಣಿಸಿದರೆ ಎಂಬತ್ತೆಂಟನೆಯ ದಿನ ಸಾಮಾನ್ಯವಾಗಿ ಮೇ 2ಕ್ಕೆ, ಕೆಲವು ವರ್ಷ ಮೇ 1ಕ್ಕೆ ಬೀಳುತ್ತದೆ. ಹಾಚಿಜೂಹಾಚಿಯಾ ಎಂದು ಕರೆಯುವ ಆ ದಿನದ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟುವ ಭಯ ಮುಗಿಯುತ್ತದೆಂದು ರೈತರು ಹಿಂದಿನಿಂದಲೂ ಲೆಕ್ಕ ಹಾಕುತ್ತ ಬಂದಿದ್ದಾರೆ. ಆ ದಿನ ಕಿತ್ತ ಎಲೆಯ ಚಹಾ ಕುಡಿದರೆ ವರ್ಷವಿಡೀ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆಯೂ ಇದೆ. ಹೀಗಾಗಿ ಆ ದಿನದ ಮುದ್ರೆ ಹೊತ್ತ ಪೊಟ್ಟಣಕ್ಕೆ ಬೆಲೆ ಹೆಚ್ಚು. ವಾಸ್ತವದಲ್ಲಿ ದಕ್ಷಿಣದ ಕಾಗೋಶಿಮಾ ಪ್ರಾಂತದಲ್ಲಿ ಕೊಯ್ಲು ಏಪ್ರಿಲ್ ಆರಂಭದಲ್ಲೇ ಶುರುವಾಗಿರುತ್ತದೆ. ಶಿಜುವೋಕಾದ ಬಯಲಿನಲ್ಲಿ ಏಪ್ರಿಲ್ ಕೊನೆಗೆ, ಅದೇ ಪ್ರಾಂತದ ಬೆಟ್ಟದ ಸೀಮೆಯಲ್ಲಿ ಮತ್ತು ಕ್ಯೋಟೋ ಬಳಿಯ ಉಜಿಯಲ್ಲಿ ಮೇ ತಿಂಗಳಲ್ಲಿ ನಡೆಯುತ್ತದೆ. ಮೇ 1ರಂದು ಕಿತ್ತ ಕಾಗೋಶಿಮಾದ ಎಲೆಯೂ ಮೇ 1ರಂದು ಕಿತ್ತ ಉಜಿಯ ಎಲೆಯೂ ಒಂದೇ ಎಳಸಿನದಾಗಿರಲು ಸಾಧ್ಯವಿಲ್ಲ.

ಮೊದಲ ಕೊಯ್ಲಿಗೆ ಇಷ್ಟು ಮಹತ್ವ ಏಕೆಂದರೆ, ಚಳಿಗಾಲದುದ್ದಕ್ಕೂ ಗಿಡ ಸುಮ್ಮನಿದ್ದು ಕೂಡಿಟ್ಟದ್ದು ಆ ಚಿಗುರಿಗೆ ಹೋಗಿರುತ್ತದೆ. ಚಹಾದ ಸಿಹಿಗೂ, ಉಮಾಮಿ ಎಂದು ಕರೆಯುವ ತುಂಬಿದ ರುಚಿಗೂ ಕಾರಣವಾದ ಥಿಯನೈನ್ ಎಂಬ ಅಮೈನೋ ಆಮ್ಲ ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ. ಬಿಸಿಲು ಬಿದ್ದಷ್ಟೂ ಅದು ಒಗರು ಕೊಡುವ ಕ್ಯಾಟೆಚಿನ್‌ಗಳಾಗಿ ಬದಲಾಗುತ್ತದೆ. ಹೀಗಾಗಿ ಬೇಸಿಗೆಯ ಎರಡನೆಯ ಕೊಯ್ಲಿಗಿಂತ ವಸಂತದ ಮೊದಲ ಕೊಯ್ಲಿನಲ್ಲಿ ಸಿಹಿ ಹೆಚ್ಚು, ಒಗರು ಕಡಿಮೆ.

ನಾನು ಕಾಯ್ದಿರಿಸಿದ್ದು ಶಿಜುವೋಕಾದ ಒಂದು ಸಣ್ಣ ಅಂಗಡಿಯಲ್ಲಿ. ಅಲ್ಲಿ 100 ಗ್ರಾಂ ಪೊಟ್ಟಣ ಮೂರು ದರ್ಜೆಗಳಲ್ಲಿತ್ತು: 1,080, 1,620 ಮತ್ತು 2,160 ಯೆನ್. ಆಹಾರ ಪದಾರ್ಥವಾದ್ದರಿಂದ ತೆರಿಗೆ ಶೇಕಡಾ 8 ಮಾತ್ರ. ಪಾತ್ರೆ ಪಗಡೆ ಕೊಂಡರೆ ಶೇಕಡಾ 10. ಹಿಂದಿನ ವರ್ಷಕ್ಕಿಂತ ಬೆಲೆ ಏರಿಸಿದ್ದಕ್ಕೆ ಕ್ಷಮೆ ಕೋರುವ ಸಾಲೊಂದು ಕೆಳಗಿತ್ತು. ಮಾಚಾ ಎಂಬ ಹಸಿರು ಚಹಾ ಪುಡಿಗೆ ಜಗತ್ತಿನಾದ್ಯಂತ ಬೇಡಿಕೆ ಬಂದು, ಅನೇಕ ಬೆಳೆಗಾರರು ಮಾಚಾಕ್ಕೆ ಬೇಕಾದ ತೆಂಚಾ ಎಲೆಯತ್ತ ಹೊರಳಿರುವುದರಿಂದ, ನೀರಿನಲ್ಲಿ ನೆನೆಸಿ ಸೋಸುವ ಸಾಮಾನ್ಯ ಸೆಂಚಾ ಎಲೆಯೂ ತುಟ್ಟಿಯಾಗಿದೆ. ದರ್ಜೆಯ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಫುಕಾಮುಶಿ ಎಂದಿತ್ತು. ಬೇರೆ ಬೇರೆ ಅಂಗಡಿಗಳ ಚಿತ್ರ, ಬಣ್ಣ, ರೈತರ ನಗುಮುಖ ನೋಡುತ್ತ ಆ ಪದವನ್ನು ದಾಟಿ ಹೋಗುವುದು ಬಹಳ ಸುಲಭ.

ಹಬೆಯ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕಿತ್ತ ಎಲೆಯನ್ನು ಹಾಗೆಯೇ ಬಿಟ್ಟರೆ ಅದರೊಳಗಿನ ಕಿಣ್ವಗಳು ಕೆಲಸ ಆರಂಭಿಸಿ ಎಲೆ ಕಂದಾಗುತ್ತದೆ. ನಮ್ಮ ಊರಿನ ಕಪ್ಪು ಚಹಾ ಆಗುವುದು ಆ ದಾರಿಯಲ್ಲಿ. ಜಪಾನಿನಲ್ಲಿ ಕಿತ್ತ ದಿನವೇ ಎಲೆಗೆ ಹಬೆ ಕೊಟ್ಟು ಆ ಕೆಲಸವನ್ನು ನಿಲ್ಲಿಸುತ್ತಾರೆ, ಆಮೇಲೆ ಬಿಸಿಯಲ್ಲಿ ಹೊಸೆಯುತ್ತ ಒಣಗಿಸುತ್ತಾರೆ. ಈ ಪದ್ಧತಿಯನ್ನು ಉಜಿ ಸೀಮೆಯ ನಾಗಾತಾನಿ ಸೋಎನ್ ಎಂಬ ಬೆಳೆಗಾರ 1738ರಲ್ಲಿ ರೂಪಿಸಿದನೆಂದು ಇಲ್ಲಿನ ಚಹಾ ಇತಿಹಾಸ ಹೇಳುತ್ತದೆ. ಹಬೆ ಮೂವತ್ತು ನಲವತ್ತು ಸೆಕೆಂಡಿಗೆ ಮುಗಿದರೆ ಅದು ಅಸಾಮುಶಿ. ಎಲೆ ಸೂಜಿಯಂತೆ ಇಡಿಯಾಗಿ ಉಳಿಯುತ್ತದೆ, ಬಟ್ಟಲಿನ ರಸ ತಿಳಿಯಾಗಿ, ಹೊಂಬಣ್ಣ ಬೆರೆತ ಹಸಿರಾಗಿರುತ್ತದೆ. ಒಂದರಿಂದ ಎರಡು ನಿಮಿಷ ಹಬೆ ಕೊಟ್ಟರೆ ಅದು ಫುಕಾಮುಶಿ. ಎಲೆ ಮೆತ್ತಗಾಗಿ ಹೊಸೆಯುವಾಗ ಪುಡಿಯಾಗುತ್ತದೆ, ರಸ ಗಾಢ ಹಸಿರಾಗಿ ಸ್ವಲ್ಪ ಕದಡಿದಂತಿರುತ್ತದೆ, ಒಗರು ತಗ್ಗಿ ರುಚಿ ದಪ್ಪವಾಗುತ್ತದೆ. ಬಿಸಿಲು ಧಾರಾಳವಾಗಿ ಬೀಳುವ, ಶಿಜುವೋಕಾ ಪ್ರಾಂತದ ಮಾಕಿನೋಹಾರಾ ಪ್ರಸ್ಥಭೂಮಿಯಲ್ಲಿ ಎಲೆ ದಪ್ಪವಾಗಿ ಒಗರು ಹೆಚ್ಚಾಗುತ್ತಿದ್ದುದರಿಂದ, ಅದನ್ನು ತಗ್ಗಿಸಲೆಂದು ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಈ ದೀರ್ಘ ಹಬೆಯ ಕ್ರಮ ಆ ಭಾಗದಲ್ಲಿ ಬೆಳೆಯಿತು. ಕದಡಿದ ಹಸಿರನ್ನು ಕಂಡು ಕೆಟ್ಟಿದೆಯೆಂದು ಚೆಲ್ಲಿದವರನ್ನೂ, ತಿಳಿಯಾದ ಹೊಂಬಣ್ಣ ಕಂಡು ಸಪ್ಪೆಯೆಂದು ಮತ್ತೆರಡು ಚಮಚ ಸುರಿದವರನ್ನೂ ನಾನು ಬಲ್ಲೆ.

ಕಾಯುವ ದಿನಗಳಲ್ಲಿ ಪಾತ್ರೆಯ ಹುಡುಕಾಟ ಆಯಿತು. ನಾಗೋಯಾದಲ್ಲಿರುವವರಿಗೆ ಇದೊಂದು ಅನುಕೂಲ: ಜಪಾನಿನ ಆರು ಪ್ರಾಚೀನ ಕುಂಬಾರ ನೆಲೆಗಳಲ್ಲಿ ಒಂದಾದ ತೊಕೊನಾಮೆ ಇಲ್ಲಿಂದ ಮೇತೆತ್ಸು ರೈಲಿನಲ್ಲಿ ಒಂದು ಗಂಟೆಯ ಒಳಗಿನ ದಾರಿ. ಚಹಾ ಸೋಸುವ ಕ್ಯೂಸು ಎಂಬ ಸಣ್ಣ ಹೂಜಿಗೆ ಈ ಊರು ಹೆಸರುವಾಸಿ. ಯಾಮಾದಾ ಜೋಜಾನ್ ಎಂಬ ಹೆಸರು ಹೊತ್ತ ಇಲ್ಲಿನ ಕುಂಬಾರರಲ್ಲಿ ಮೂರನೆಯವರಿಗೆ ಕ್ಯೂಸು ತಯಾರಿಕೆಗಾಗಿ 1998ರಲ್ಲಿ ಜೀವಂತ ರಾಷ್ಟ್ರೀಯ ನಿಧಿ ಎಂಬ ಮನ್ನಣೆ ದೊರೆತಿತ್ತು. ಹಳೆಯ ಚರಂಡಿ ಕೊಳವೆಗಳನ್ನೂ ಜಾಡಿಗಳನ್ನೂ ಗೋಡೆಗೆ ಮೆತ್ತಿದ ಇಳಿಜಾರು ಓಣಿಯಲ್ಲಿ ನಡೆದರೆ ಎರಡೂ ಕಡೆ ಅಂಗಡಿಗಳು ಸಿಗುತ್ತವೆ. ಕಬ್ಬಿಣದ ಅಂಶವಿರುವ ಕೆಂಪು ಮಣ್ಣಿನ, ಹಿಡಿ ಪಕ್ಕಕ್ಕೆ ಚಾಚಿದ ಕ್ಯೂಸುಗಳು ಮೂರು ಸಾವಿರ ಯೆನ್‌ನಿಂದ ಆರಂಭವಾಗಿ, ಕಲಾವಿದರ ಮುದ್ರೆಯಿದ್ದರೆ ಹತ್ತಾರು ಸಾವಿರಕ್ಕೆ ಏರುತ್ತವೆ.

ನಾನು ಹೋದ ಅಂಗಡಿಯ ವೃದ್ಧೆ ಮೊದಲು ಕೇಳಿದ್ದು ನನ್ನ ಬಜೆಟ್ ಅಲ್ಲ, ಅಸಾಮುಶಿಯೋ ಫುಕಾಮುಶಿಯೋ ಎಂದು. ಫುಕಾಮುಶಿ ಎಂದಾಗ, ಮೂತಿಯ ಒಳಬದಿಯಲ್ಲಿ ದೊಡ್ಡ ರಂಧ್ರಗಳಿದ್ದ ಸುಂದರ ಹೂಜಿಯನ್ನು ನನ್ನ ಕೈಯಿಂದ ತೆಗೆದಿಟ್ಟು, ಹಿಂದಿನ ಸಾಲಿನಿಂದ ಇನ್ನೊಂದನ್ನು ತಂದರು. ಅದರ ಮೂತಿಯ ಬುಡದಲ್ಲಿ ಗುಮ್ಮಟದಂತೆ ಉಬ್ಬಿದ ಮಣ್ಣಿನ ಜಾಲರಿ, ಅದರ ತುಂಬ ಸೂಜಿಮೊನೆಯಷ್ಟು ಸಣ್ಣ ನೂರಾರು ತೂತುಗಳು. ಬಳಿಕ ಹೂಜಿಗೆ ನೀರು ತುಂಬಿ, ಮುಚ್ಚಳದ ಮೇಲಿನ ಗಾಳಿರಂಧ್ರವನ್ನು ಬೆರಳಿನಿಂದ ಒತ್ತಿ ಹಿಡಿದು ಬಗ್ಗಿಸಿದರು. ಮೂತಿಯಿಂದ ಬೀಳುತ್ತಿದ್ದ ಧಾರೆ ತಟ್ಟನೆ ನಿಂತಿತು. ಬೆರಳು ತೆಗೆದೊಡನೆ ಮತ್ತೆ ಹರಿಯಿತು. ಮುಚ್ಚಳ ಬಾಯಿಗೆ ಎಷ್ಟು ಬಿಗಿಯಾಗಿ ಕೂತಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಕೊಳ್ಳುವವರು ಧಾರಾಳವಾಗಿ ಕೇಳಿ ಮಾಡಿಸಿಕೊಳ್ಳಬಹುದು. ಎಡಗೈ ಬಳಸುವವರಿಗೆ ಹಿಡಿ ಇನ್ನೊಂದು ಬದಿಗಿರುವ ಹೂಜಿಗಳೂ ಸಿಗುತ್ತವೆ, ಆದರೆ ಕೇಳಬೇಕು. ಎರಡು ಬಟ್ಟಲಿಗೆ ಸಾಕಾಗುವ ಸಣ್ಣ ಅಳತೆಯದನ್ನೇ ತೆಗೆದುಕೊಳ್ಳಿ. ದೊಡ್ಡ ಹೂಜಿಯಲ್ಲಿ ಸ್ವಲ್ಪವೇ ಚಹಾ ಮಾಡಿದರೆ ಎಲೆ ತಳದಲ್ಲಿ ಚೆದುರಿ ಹೋಗುತ್ತದೆ, ನೀರೂ ಬೇಗ ತಣ್ಣಗಾಗುತ್ತದೆ.

ಏಪ್ರಿಲ್ ಕೊನೆಯ ರಜೆಯಲ್ಲಿ ಮಾಕಿನೋಹಾರಾಕ್ಕೂ ಹೋಗಿಬಂದೆ. ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲಿನ ಕೊದಾಮಾ ಗಾಡಿ ಕಾಕೆಗಾವಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ಸ್ಥಳೀಯ ರೈಲು ಹಿಡಿದು ಕಾನಾಯಾದಲ್ಲಿ ಇಳಿದರೆ ಪ್ರಸ್ಥಭೂಮಿಯ ಅಂಚಿಗೆ ಬಂದಂತೆ. ದಾರಿಯಲ್ಲಿ ಅವಾಗಾತಾಕೆ ಬೆಟ್ಟದ ಇಳಿಜಾರಿನಲ್ಲಿ ಮರಗಳನ್ನೇ ನೆಟ್ಟು ಮೂಡಿಸಿದ ‘ಚಹಾ’ ಎಂಬ ದೊಡ್ಡ ಅಕ್ಷರ ಕಾಣುತ್ತದೆ. ಮೇಲೇರಿದರೆ ಕಣ್ಣು ಹಾಯುವಷ್ಟು ದೂರ ಚಹಾ ಸಾಲುಗಳು, ಸಾಲಿನ ನಡುವೆ ಎತ್ತರದ ಕಂಬಗಳು, ಪ್ರತಿ ಕಂಬದ ತುದಿಯಲ್ಲಿ ಫ್ಯಾನು. ಚಳಿಯ ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಿರುತ್ತದೆ. ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗೆ ತಳ್ಳಿ ಚಿಗುರು ಹೆಪ್ಪುಗಟ್ಟದಂತೆ ಕಾಯುವುದು ಈ ಫ್ಯಾನುಗಳ ಕೆಲಸ. ಬಂಜರಾಗಿದ್ದ ಈ ಭೂಮಿಯನ್ನು 1869ರಿಂದ ಉತ್ತು ಚಹಾ ನೆಟ್ಟವರು, ಶೋಗುನರ ಆಡಳಿತ ಬಿದ್ದಮೇಲೆ ಕೆಲಸ ಕಳೆದುಕೊಂಡ ಸಾಮುರಾಯಿಗಳು. ಇಷ್ಟಾಗಿಯೂ, 2024ರಲ್ಲಿ ಕಚ್ಚಾ ಚಹಾ ಉತ್ಪಾದನೆಯಲ್ಲಿ ಕಾಗೋಶಿಮಾ ಮೊದಲ ಬಾರಿಗೆ ಶಿಜುವೋಕಾವನ್ನು ಹಿಂದಿಕ್ಕಿತು. ಇಲ್ಲಿನವರೊಡನೆ ಮಾತಿಗೆ ಕೂತರೆ ಈ ಸುದ್ದಿ ಹೇಗಾದರೂ ಬಂದೇ ಬರುತ್ತದೆ.

ಸಂದರ್ಶಕರಿಗೆಂದು ಬಿಟ್ಟ ಸಾಲಿನಲ್ಲಿ ಬುಟ್ಟಿ ಕಟ್ಟಿಕೊಂಡು ಒಂದು ಕುಡಿ, ಎರಡು ಎಲೆ ಲೆಕ್ಕದಲ್ಲಿ ಚಿಗುರು ಕೀಳಲು ಅವಕಾಶವಿತ್ತು. ಉಗುರಿನಿಂದ ಕತ್ತರಿಸಬಾರದು, ಬೆರಳಿನ ನಡುವೆ ಹಿಡಿದು ಮುರಿಯಬೇಕು. ಎಳೆಯದಾದರೆ ಸದ್ದಿಲ್ಲದೆ ಮುರಿಯುತ್ತದೆ, ಬಲಿತದ್ದು ನಾರು ಎಳೆಯುತ್ತದೆ. ಆದರೆ ನಾವು ಕುಡಿಯುವ ಬಹುಪಾಲು ಶಿಂಚಾ ಹೀಗೆ ಕೈಯಲ್ಲಿ ಕಿತ್ತದ್ದಲ್ಲ. ಪಕ್ಕದ ತೋಟದಲ್ಲಿ ಇಬ್ಬರು ಸಾಲಿನ ಎರಡು ಬದಿಗೆ ನಿಂತು ಬಾಗಿದ ಯಂತ್ರವೊಂದನ್ನು ಹಿಡಿದು ನಡೆಯುತ್ತಿದ್ದರು, ಹಿಂದೆ ಉದ್ದನೆಯ ಚೀಲ ಗಾಳಿಗೆ ಉಬ್ಬುತ್ತ ತುಂಬುತ್ತಿತ್ತು. ಕೈಕೊಯ್ಲು ಎಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದರ ಬೆಲೆ ಕೊಡಿ. ಕಾರ್ಖಾನೆಯ ಬಾಗಿಲ ಬಳಿ ಹಬೆಯ ವಾಸನೆ ಹೊರಗೇ ಮೂಗಿಗೆ ಬಡಿಯುತ್ತಿತ್ತು. ಐದು ಕಿಲೋ ಹಸಿ ಎಲೆ ಹೊಸೆದು ಒಣಗುವ ಹೊತ್ತಿಗೆ ಸುಮಾರು ಒಂದು ಕಿಲೋ ಆಗುತ್ತದೆ ಎಂದು ತಿಳಿದಮೇಲೆ 1,620 ಯೆನ್ ದುಬಾರಿ ಎನ್ನಿಸಲಿಲ್ಲ.

ನನ್ನ ಚಹಾ ಮಾತ್ರ ಬರಲಿಲ್ಲ. ಏಪ್ರಿಲ್ ಕೊನೆಯಿಂದ ಕಳಿಸುತ್ತೇವೆ ಎಂದಿದ್ದ ಅಂಗಡಿಯಿಂದ, ಚಿಗುರು ತಡವಾಗಿದೆ, ತಯಾರಾದ ಕ್ರಮದಲ್ಲಿ ಕಳಿಸುತ್ತೇವೆ ಎಂಬ ಇಮೇಲ್ ಬಂತು. ಶಿಂಚಾ ಕಾಯ್ದಿರಿಸುವವರು ಇದನ್ನು ಮೊದಲೇ ಒಪ್ಪಿಕೊಂಡಿರಬೇಕು. ಬೇರೆ ಸಾಮಾನಿಗೆ ದಿನ, ಗಂಟೆ ಎಲ್ಲ ಗೊತ್ತುಮಾಡಲು ಬಿಡುವ ಈ ದೇಶದಲ್ಲಿ ಶಿಂಚಾಕ್ಕೆ ಮಾತ್ರ ದಿನಾಂಕ ಆರಿಸುವ ಖಾನೆಯನ್ನೇ ಮುಚ್ಚಿರುತ್ತಾರೆ. ಆ ವಾರದಲ್ಲಿ ಊರಿಗೆ ಹೊರಡುವ ಯೋಚನೆ ಇದ್ದರೆ ಕಾಯ್ದಿರಿಸುವ ಬದಲು ಮೇ ನಡುವಿನಲ್ಲಿ ಅಂಗಡಿಗೇ ಹೋಗಿ ಕೊಳ್ಳುವುದು ವಾಸಿ.

ಕೊನೆಗೂ ಬಂದಾಗ ಇನ್ನೊಂದು ತೊಡಕು. ಅಂಗಡಿಯ ಅರ್ಜಿಯಲ್ಲಿ ಹೆಸರನ್ನು ಕಾತಾಕಾನಾ ಲಿಪಿಯಲ್ಲಿ ತುಂಬಬೇಕು. ಅಪ್ಪನ ಹೆಸರು, ಊರ ಹೆಸರು ಸೇರಿದ ನಮ್ಮ ಉದ್ದದ ಹೆಸರುಗಳು ಆ ಖಾನೆಗೆ ಹಿಡಿಸುವುದಿಲ್ಲ. ಲಕೋಟೆಯ ಮೇಲೆ ಅಚ್ಚಾದದ್ದು ನನ್ನ ಹೆಸರಿನ ಮೊದಲ ತುಂಡು, ಅಂಚೆಪೆಟ್ಟಿಗೆಯ ಮೇಲಿದ್ದದ್ದು ಇಂಗ್ಲಿಷ್ ಅಕ್ಷರದ ಕೊನೆಯ ತುಂಡು. ಎರಡೂ ಒಬ್ಬನದೇ ಎಂದು ತಂದವನಿಗೆ ತೋರಲಿಲ್ಲ. ವಿಳಾಸದಾರರನ್ನು ದೃಢಪಡಿಸಬೇಕು ಎಂಬ ಚೀಟಿ ಬಿಟ್ಟು ಪೊಟ್ಟಣ ವಾಪಸು ಹೋಯಿತು. ಫೋನಿನಲ್ಲಿ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿ ಮತ್ತೆ ತರಿಸಿಕೊಳ್ಳುವಷ್ಟರಲ್ಲಿ, ಹೊರಗೆ ಬಿಸಿಲೇರುತ್ತಿದ್ದ ಹಾಗೆ ಯಾವುದೋ ಗೋದಾಮಿನಲ್ಲಿ ಕೂತಿರುವ ಎಳೆಯ ಎಲೆಯ ಚಿಂತೆ ತಲೆಯಿಂದ ಹೋಗಲೇ ಇಲ್ಲ. ಅಂಚೆಪೆಟ್ಟಿಗೆಯ ಮೇಲೆ ಕಾತಾಕಾನಾದಲ್ಲೂ ಹೆಸರು ಅಂಟಿಸಿ. ಅರ್ಜಿಯಲ್ಲಿ ಬರೆಯುವ ತುಂಡನ್ನೇ ಅಲ್ಲಿಯೂ ಬರೆಯಿರಿ.

ಪೊಟ್ಟಣ ತೆರೆಯುವ ಮುನ್ನ ಎಲ್ಲಿಡಬೇಕೆಂದು ಗೊತ್ತುಮಾಡಿಕೊಂಡೆ. ಚಹಾ ಎಲೆಗೆ ಬೆಳಕು, ಬಿಸಿ, ತೇವ, ಗಾಳಿ ಇವೆಲ್ಲವೂ ಶತ್ರುಗಳೇ, ಆದರೆ ನಮ್ಮ ಅಡುಗೆಮನೆಗಳಲ್ಲಿ ಇವೆಲ್ಲಕ್ಕಿಂತ ದೊಡ್ಡ ಶತ್ರು ವಾಸನೆ. ಇಂಗಿನ ಡಬ್ಬಿ, ಸಾರಿನಪುಡಿ, ಮೆಂತ್ಯ ಇರುವ ಕಪಾಟಿನಲ್ಲಿ ಶಿಂಚಾ ಇಟ್ಟರೆ ಎರಡು ದಿನದಲ್ಲಿ ಅದು ರಸಂ ವಾಸನೆ ಹೀರಿಕೊಳ್ಳುತ್ತದೆ ಎಂದು ಇಲ್ಲಿ ಬಹಳ ವರ್ಷದಿಂದಿರುವ ಗೆಳತಿಯೊಬ್ಬರು ಎಚ್ಚರಿಸಿದ್ದರು. ಆದ್ದರಿಂದ ನಾನು ಇಟ್ಟಿದ್ದು ಮಲಗುವ ಕೋಣೆಯ ಪುಸ್ತಕದ ಕಪಾಟಿನಲ್ಲಿ, ಬಿಗಿಮುಚ್ಚಳದ ತಗಡಿನ ಡಬ್ಬಿಯಲ್ಲಿ. ತೆರೆಯದ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಇಡಬಹುದು, ಆದರೆ ಹೊರಗೆ ತೆಗೆದೊಡನೆ ಕತ್ತರಿಸಬಾರದು. ಕೋಣೆಯ ಬಿಸಿಗೆ ಬರುವವರೆಗೆ ಕಾಯದಿದ್ದರೆ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಕೂರುತ್ತದೆ. ತೆರೆದಮೇಲೆ ಮೂರು ನಾಲ್ಕು ವಾರದಲ್ಲಿ ಮುಗಿಸುವುದು ಒಳ್ಳೆಯದು. ಒಬ್ಬರೇ ಕುಡಿಯುವವರು 100 ಗ್ರಾಂಗಿಂತ ಹೆಚ್ಚು ತರಿಸಬೇಡಿ. 50 ಗ್ರಾಂ ಪೊಟ್ಟಣ ಸಿಕ್ಕರೆ ಇನ್ನೂ ಉತ್ತಮ.

ಇನ್ನು ಸೋಸುವ ಕೆಲಸ. ನೀರು ಮೆದುವಾಗಿರಬೇಕು. ನಾಗೋಯಾಕ್ಕೆ ಬರುವುದು ಕಿಸೋ ನದಿಯ ನೀರು, ಅದು ಸಹಜವಾಗಿಯೇ ಮೆದು. ಕ್ಲೋರಿನ್ ವಾಸನೆ ಹೋಗಲೆಂದು ಮುಚ್ಚಳ ತೆಗೆದು ಕೆಲವು ನಿಮಿಷ ಕುದಿಸಿದರೆ ಸಾಕು. ಅಂಗಡಿಯಿಂದ ಬಾಟಲಿ ನೀರು ತರುವುದಾದರೆ ಯುರೋಪಿನಿಂದ ಬರುವ ಖನಿಜ ಹೆಚ್ಚಿರುವ ನೀರು ಬೇಡ. ಆಮೇಲೆ ಬಿಸಿಯ ಹದ. ಕ್ಯಾಟೆಚಿನ್‌ಗಳು 80 ಡಿಗ್ರಿ ದಾಟಿದ ನೀರಿನಲ್ಲಿ ಧಾರಾಳವಾಗಿ ಹೊರಬರುತ್ತವೆ, ಥಿಯನೈನ್ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಬಿಡುತ್ತದೆ. 70 ಡಿಗ್ರಿಯ ನೀರು ಹಾಕುವುದೆಂದರೆ ಸಿಹಿಯನ್ನು ಕರೆದು ಒಗರನ್ನು ಒಳಗೇ ಉಳಿಸುವುದು. ಇದಕ್ಕೆ ಥರ್ಮಾಮೀಟರ್ ಕೊಳ್ಳುವ ಅಗತ್ಯವಿಲ್ಲ. ಕುದಿದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಾಗಲೆಲ್ಲ ಸುಮಾರು ಹತ್ತು ಡಿಗ್ರಿ ಇಳಿಯುತ್ತದೆ. ನಾನು ಕುದಿನೀರನ್ನು ಮೊದಲು ಖಾಲಿ ಹೂಜಿಗೆ, ಅಲ್ಲಿಂದ ಬಟ್ಟಲುಗಳಿಗೆ, ಬಟ್ಟಲಿನಿಂದ ಯುಜಾಮಶಿ ಎಂಬ ಮೂತಿಯಿರುವ ಬೋಗುಣಿಗೆ ಸುರಿಯುತ್ತಿದ್ದೆ. ಅಷ್ಟರಲ್ಲಿ ಹೂಜಿಯೂ ಬಟ್ಟಲುಗಳೂ ಬೆಚ್ಚಗಾಗಿರುತ್ತವೆ, ಎಷ್ಟು ನೀರು ಬೇಕೆಂಬ ಅಳತೆಯೂ ಆಗಿರುತ್ತದೆ.

ಎರಡು ಸಣ್ಣ ಬಟ್ಟಲಿಗೆ ಆರು ಗ್ರಾಂ ಎಲೆ, 180 ಮಿಲಿಲೀಟರ್ ನೀರು. ತಕ್ಕಡಿ ಇದ್ದರೆ ಬಳಸಿ, ಏಕೆಂದರೆ ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ: ಪುಡಿಯಾದ ಫುಕಾಮುಶಿ ಚಮಚದಲ್ಲಿ ಒತ್ತಾಗಿ ಕೂತು ಹೆಚ್ಚು ತೂಗುತ್ತದೆ, ಸೂಜಿಯೆಲೆಯ ಅಸಾಮುಶಿ ಜಾಗ ಹಿಡಿದರೂ ಹಗುರ. ನೀರನ್ನು ಎಲೆಯ ಮೇಲೆ ಮೆಲ್ಲಗೆ ಸುರಿದು, ಮುಚ್ಚಿ, ನಲವತ್ತು ಸೆಕೆಂಡು ಅಲ್ಲಾಡಿಸದೆ ಬಿಡಬೇಕು. ಬಳಿಕ ಒಂದೇ ಬಟ್ಟಲನ್ನು ತುಂಬಿಸದೆ ಎರಡಕ್ಕೂ ಸ್ವಲ್ಪ ಸ್ವಲ್ಪವಾಗಿ, ಹೋಗುತ್ತ ಬರುತ್ತ ಸುರಿಯಬೇಕು. ಮೊದಲು ಬೀಳುವುದು ತೆಳು, ಕೊನೆಗೆ ಬೀಳುವುದು ದಪ್ಪ. ಕೊನೆಯ ಹನಿಯವರೆಗೂ ಬಗ್ಗಿಸಿ ಹಿಡಿಯುವುದು ಶಿಷ್ಟಾಚಾರಕ್ಕಲ್ಲ. ಒಳಗೆ ನೀರು ಉಳಿದರೆ ಎಲೆ ಬೇಯುತ್ತಲೇ ಇದ್ದು ಎರಡನೆಯ ಸುತ್ತು ಕಹಿಯಾಗುತ್ತದೆ. ಸುರಿದಾದಮೇಲೆ ಹೂಜಿಯ ಬೆನ್ನಿಗೆ ಮೆತ್ತಗೆ ತಟ್ಟಿದರೆ ಜಾಲರಿಗೆ ಅಂಟಿದ ಎಲೆ ಹಿಂದಕ್ಕೆ ಬೀಳುತ್ತದೆ. ಮುಚ್ಚಳವನ್ನು ಸ್ವಲ್ಪ ಸರಿಸಿ ಇಟ್ಟರೆ ಒಳಗಿನ ಹಬೆ ಹೊರಹೋಗುತ್ತದೆ.

ಬಟ್ಟಲಿನ ಮೇಲ್ಮೈಯಲ್ಲಿ ಬೆಳಕಿಗೆ ಹಿಡಿದಾಗ ಮಾತ್ರ ಕಾಣುವ ಬಿಳಿಯ ಸಣ್ಣ ನವಿರುಗಳು ತೇಲುತ್ತಿದ್ದವು. ಅದು ಧೂಳಲ್ಲ. ಎಳೆಯ ಕುಡಿಯ ಹಿಂಬದಿಯಲ್ಲಿರುವ ರೋಮ. ಎಲೆ ಬಲಿತಂತೆ ಉದುರಿಹೋಗುವುದರಿಂದ, ಇದ್ದರೆ ಎಳೆಯ ಎಲೆ ಎಂಬುದಕ್ಕೆ ಸಾಕ್ಷಿ. ಹಾಲು, ಸಕ್ಕರೆ, ಏಲಕ್ಕಿ ಹಾಕಿ ಕುದಿಸಿದ ಚಹಾದಲ್ಲಿ ಬೆಳೆದ ನನ್ನ ನಾಲಗೆಗೆ ಮೊದಲ ಗುಟುಕು ಚಹಾ ಎನ್ನಿಸಲೇ ಇಲ್ಲ. ಎಳೆ ಅವರೆಕಾಳು ಬೇಯಿಸಿದ ಕಟ್ಟಿನಲ್ಲಿ ಇರುವಂಥ ಸಿಹಿ, ಅದರ ಹಿಂದೆ ಉಪ್ಪಿಲ್ಲದೆಯೂ ಉಪ್ಪಿನ ನೆನಪು ತರುವ ಉಮಾಮಿ, ನುಂಗಿದ ಬಳಿಕ ನಾಲಗೆಯ ಅಂಚಿನಲ್ಲಿ ತುಸುವೇ ಒಗರು. ಖುಷಿಗಿಂತ ಮೊದಲು ಬಂದದ್ದು ಗೊಂದಲ, ಇದು ಇಷ್ಟವಾಯಿತೋ ಇಲ್ಲವೋ ಎಂದು. ಎರಡನೆಯ ಸುತ್ತಿಗೆ ನೀರು ಸ್ವಲ್ಪ ಹೆಚ್ಚು ಬಿಸಿಯಿರಬೇಕು, ನೆನೆಯುವ ಹೊತ್ತು ಹತ್ತು ಹದಿನೈದು ಸೆಕೆಂಡು ಸಾಕು, ಏಕೆಂದರೆ ಎಲೆ ಆಗಲೇ ಬಿಚ್ಚಿಕೊಂಡಿರುತ್ತದೆ. ಆ ಸುತ್ತಿನಲ್ಲಿ ಸಿಹಿಯೂ ಒಗರೂ ಸಮವಾಗಿ ನಿಂತು, ನನಗೆ ರುಚಿ ತಿಳಿದದ್ದು ಅಲ್ಲಿ. ಮೊದಲ ಬಟ್ಟಲಿನಲ್ಲೇ ತೀರ್ಪು ಕೊಡಬೇಡಿ ಎಂದು ಹೊಸಬರಿಗೆ ಹೇಳುವುದು ಇದಕ್ಕೇ. ಮೂರನೆಯ ಸುತ್ತು ಹಗುರವಾದರೂ ಊಟದ ನಂತರಕ್ಕೆ ಚೆನ್ನ.

ಹಬೆಯ ವ್ಯತ್ಯಾಸ ಬಾಯಲ್ಲೇ ತಿಳಿಯಲೆಂದು, ಮೇ ಕೊನೆಯಲ್ಲಿ ಓಇ ನದಿಯ ಮೇಲ್ಭಾಗದ ಕಾವಾನೆ ಎಂಬ ಬೆಟ್ಟದ ಸೀಮೆಯ ಅಸಾಮುಶಿ ಶಿಂಚಾವನ್ನು ಅಂಗಡಿಯಲ್ಲಿ ಕೊಂಡು ತಂದೆ. ಎರಡೂ ಯಾಬುಕಿತಾ ತಳಿ. ಸುಗಿಯಾಮಾ ಹಿಕೋಸಾಬುರೋ ಎಂಬಾತ ಶಿಜುವೋಕಾದಲ್ಲಿ 1908ರಲ್ಲಿ ಆರಿಸಿದ ಈ ತಳಿಯೇ ಇಂದಿಗೂ ಜಪಾನಿನ ಚಹಾ ತೋಟಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದೆ. ತಳಿ ಒಂದೇ, ಪ್ರಾಂತ ಒಂದೇ, ಕೊಯ್ಲಿನ ನಡುವೆ ಹೆಚ್ಚು ದಿನಗಳ ಅಂತರವಿಲ್ಲ, ಆದರೂ ಎರಡು ಬೇರೆಯೇ ಪಾನೀಯ. ಕಾವಾನೆಯ ಎಲೆಗೆ ನಲವತ್ತು ಸೆಕೆಂಡು ಕೊಟ್ಟರೆ ಬಿಸಿನೀರಿನಂತಿತ್ತು. ಒಂದೂವರೆ ನಿಮಿಷ ಕೊಟ್ಟಾಗ ಪರಿಮಳ ಮೇಲೆದ್ದಿತು, ರುಚಿ ತಿಳಿಯಾಗಿ, ಕೊನೆಯಲ್ಲಿ ಚುರುಕಾದ ಒಗರಿನೊಂದಿಗೆ ಮುಗಿಯಿತು. ಫುಕಾಮುಶಿಗೆ ಒಂದೂವರೆ ನಿಮಿಷ ಕೊಟ್ಟರೆ ಅದು ಗಂಟಲು ಹಿಡಿಯುತ್ತದೆ. ಪರಿಮಳ ಬೇಕೆನ್ನುವವರು ಬೆಟ್ಟದ ಅಸಾಮುಶಿ ಆರಿಸಿ, ದಪ್ಪ ರುಚಿ ಬೇಕೆನ್ನುವವರು ಮಾಕಿನೋಹಾರಾ ಅಥವಾ ಕಾಕೆಗಾವಾದ ಫುಕಾಮುಶಿ ತರಿಸಿ. ಗಟ್ಟಿ ಚಹಾ ಕುಡಿದು ರೂಢಿಯಾದ ನಮ್ಮವರಿಗೆ ಎರಡನೆಯದು ಬೇಗ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ, ನನಗೆ ಮಾತ್ರ ಈಗ ಮೊದಲನೆಯದೇ ಹೆಚ್ಚು ಇಷ್ಟ. ಸೆಕೆ ಶುರುವಾದಮೇಲೆ ಎಲೆಯ ಮೇಲೆ ಮಂಜುಗಡ್ಡೆ ಇಟ್ಟು, ಅದು ಕರಗುವವರೆಗೆ ಕಾದು ಕುಡಿಯುವ ಕ್ರಮವನ್ನೂ ನೋಡಿದೆ. ಒಗರು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಬಟ್ಟಲಿಗೆ ಬರುವುದು ನಾಲ್ಕೇ ಗುಟುಕು.

ಉಳಿದ ಎಲೆಯನ್ನು ಎಸೆಯಬೇಡಿ. ಶಿಂಚಾದ ಎಲೆ ಎಳೆಯದಾದ್ದರಿಂದ ಮೂರು ಸುತ್ತು ಸೋಸಿದ ಮೇಲೂ ಸೊಪ್ಪಿನಂತೆ ತಿನ್ನಬಹುದು. ಇಲ್ಲಿನವರು ಸೋಯಾ ಸಾಸು ಅಥವಾ ಹುಳಿ ಬೆರೆತ ಪೊನ್‌ಜು ಹಾಕಿ ತಿನ್ನುತ್ತಾರೆ. ನಾನು ತೆಂಗಿನತುರಿ, ಹಸಿಮೆಣಸು, ನಿಂಬೆರಸ ಸೇರಿಸಿ ಕೋಸಂಬರಿ ಮಾಡಿದೆ, ಅಸಾಮುಶಿಯ ಇಡಿ ಎಲೆಯಲ್ಲಿ ಅದು ಚೆನ್ನಾಗಿ ಆಗುತ್ತದೆ, ಫುಕಾಮುಶಿಯಲ್ಲಿ ಮುದ್ದೆಯಾಗುತ್ತದೆ. ಇನ್ನೊಂದು ಎಚ್ಚರಿಕೆ: ಎಳೆಯ ಕುಡಿಯಲ್ಲಿ ಕೆಫೀನ್ ಹೆಚ್ಚು. ಬಣ್ಣ ತಿಳಿಯಾಗಿದೆಯೆಂದು ರಾತ್ರಿ ಊಟದ ಮೇಲೆ ಕುಡಿದರೆ ನಿದ್ದೆ ದೂರ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ.

ಖರ್ಚಿನಲ್ಲಿ ದೊಡ್ಡ ಪಾಲು ರೈಲಿನದು ಮತ್ತು ಹೂಜಿಯದು, ಚಹಾದ್ದಲ್ಲ. ನಡುವಿನ ದರ್ಜೆಯ 100 ಗ್ರಾಂನಲ್ಲಿ ಆರು ಗ್ರಾಂ ಲೆಕ್ಕಕ್ಕೆ ಹದಿನಾರು ಸಲ ಸೋಸಬಹುದು. ಪ್ರತಿ ಸಲಕ್ಕೂ ನೂರು ಯೆನ್ ಬೀಳುತ್ತದೆ, ಅದರಲ್ಲಿ ಇಬ್ಬರಿಗೆ ಮೂರು ಸುತ್ತು. ಬೆಂಗಳೂರಿಗೆ ಒಯ್ಯುವವರು ಒಂದೆರಡು ಸಂಗತಿ ಗಮನದಲ್ಲಿಡಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಈ ಚಹಾದ ಬಣ್ಣವೂ ರುಚಿಯೂ ಮಂಕಾಗುತ್ತವೆ, ಆರ್‌ಒ ನೀರಿನಲ್ಲಿ ಸೋಸಿ. ಹೂಜಿ ಇಲ್ಲದ ಮನೆಯಲ್ಲಿ ಚಹಾ ಸೋಸುವ ಸಾಮಾನ್ಯ ಸ್ಟೀಲಿನ ಜಾಲರಿ ಅಸಾಮುಶಿಗೆ ಸಾಕು, ಫುಕಾಮುಶಿಯ ಪುಡಿ ಅದರಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಊರಿಗೆ ಕೊಡುವ ಪೊಟ್ಟಣ ಅಸಾಮುಶಿಯೇ ಇರಲಿ, ಮತ್ತು ಅದರ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ: ಕುದಿಸಬಾರದು, ಹಾಲು ಬೇಡ, 70 ಡಿಗ್ರಿ, ಒಂದೂವರೆ ನಿಮಿಷ. ನಾನು ಹಾಗೆ ಅಂಟಿಸಿ ಕಳಿಸಿದ ಪೊಟ್ಟಣಕ್ಕೂ ನಮ್ಮ ಚಿಕ್ಕಮ್ಮ ಒಂದು ಚಮಚ ಸಕ್ಕರೆ ಹಾಕಿದರಂತೆ. ಚೀಟಿಯಲ್ಲಿ ಸಕ್ಕರೆಯ ಮಾತು ಇರಲಿಲ್ಲವಲ್ಲ ಎಂದು ಅವರ ವಾದ.